ಸುಲಭಕ್ಕೆ ಒಪ್ಪದವರು

ಭಾನುವಾರ ಮಧ್ಯಾಹ್ನ ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದಾಗ ಎರಡು ಫೋನುಗಳು ಒಟ್ಟಿಗೇ ಟಿಂಗ್ ಎಂದವು. ಒಂದು ಮಗಳದು, ಇನ್ನೊಂದು ಸೊಸೆಯದು. ಇಬ್ಬರೂ ಎಡಗೈಯಲ್ಲಿ ಫೋನು ಎತ್ತಿ ಓದಿದರು. ಇಬ್ಬರ ಮುಖವೂ ಒಂದೇ ಸಲಕ್ಕೆ ಅರಳಿತು. ಆಮೇಲೆ ಇಬ್ಬರೂ ಫೋನು ಬೋರಲು ಹಾಕಿ, ಏನೂ ಆಗಿಲ್ಲವೆಂಬಂತೆ ಅನ್ನ ಕಲಸತೊಡಗಿದರು. ಮನೆಯ ಯಜಮಾನಿಗೆ ಇಷ್ಟು ಸಾಕಾಗಿತ್ತು. ಅವಳ ಕಣ್ಣು ತಪ್ಪಿಸಿ ಆ ಮನೆಯಲ್ಲಿ ಒಂದು ಚಮಚವೂ ಜಾಗ ಬದಲಿಸಿದ್ದಿಲ್ಲ.

"ಏನದು?"

"ಏನಿಲ್ಲಮ್ಮ," ಎಂದಳು ಮಗಳು.

"ಏನಿಲ್ಲ ಅತ್ತೆ," ಎಂದಳು ಸೊಸೆ.

"ಏನಿಲ್ಲದ್ದಕ್ಕೆ ಇಬ್ಬರೂ ಯಾಕೆ ಹಲ್ಲು ಬಿಡ್ತಿದ್ದೀರಿ? ಬಾಯಿ ಬಿಡಿ."

ಮಗಳನ್ನು ಮನೆಯಲ್ಲೂ ಬೀದಿಯಲ್ಲೂ ಎಲ್ಲರೂ ಕರೆಯುವುದು ಪಟಾಕಿ ಎಂದೇ. ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. "ಕೆಲಸದ್ದಮ್ಮ. ಆ ಗಾಜಿನ ಕಟ್ಟಡದಲ್ಲಿ ಮಾರ್ಕೆಟಿಂಗ್ ಕಂಪನಿ ಇದೆಯಲ್ಲ, ಅಂಗಡಿ, ಆಸ್ಪತ್ರೆ, ಸೋಪು ಎಲ್ಲದಕ್ಕೂ ಜಾಹೀರಾತು ಮಾಡೋರು, ಅಲ್ಲಿ. ನಾನು ಕೊನೇ ಸುತ್ತಿಗೆ ಬಂದಿದ್ದೀನಿ."

ಸೊಸೆಯ ಕೈ ತಟ್ಟೆಯಲ್ಲೇ ನಿಂತಿತು. "ನಾನೂ," ಎಂದಳು.

"ನೀವೂ ಅಂದ್ರೆ, ಅತ್ತಿಗೆ?"

"ಅದೇ ಕಂಪನಿ. ಅದೇ ಕೆಲಸ."

"ಎಷ್ಟು ಜನ ಬೇಕಂತೆ?" ಎಂದು ಮಗ ಕೇಳಿದ. ಅವನು ಲಿಫ್ಟ್ ರಿಪೇರಿಯವನು. ಯಾವುದರಲ್ಲಾದರೂ ಎಷ್ಟು ಜನ ಹಿಡಿಸುತ್ತಾರೆ ಎನ್ನುವುದೇ ಅವನಿಗೆ ಮೊದಲು ತೋಚುವ ಪ್ರಶ್ನೆ.

"ಒಬ್ಬರು," ಎಂದರು ಇಬ್ಬರೂ.

ಹಾಸಿಗೆ ಅಂಗಡಿ ಇಟ್ಟಿರುವ ಮಾವ ತಟ್ಟೆ ನೋಡುತ್ತ, "ಉಪ್ಪು," ಎಂದರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ಒಂದೊಂದೇ ಸಂಗತಿ ಹೊರಬಿತ್ತು. ಮೊದಲ ಸುತ್ತು ಫೋನಿನಲ್ಲಿ ನಡೆದಿತ್ತು. ಪಟಾಕಿ ಮಾಳಿಗೆ ಮೇಲೆ ಒಣಹಾಕಿದ ಬೆಡ್‌ಶೀಟುಗಳ ಮರೆಯಲ್ಲಿ ನಿಂತು ಮಾತಾಡಿದ್ದಳು. ಸೊಸೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಮಾತಾಡಿದ್ದಳು. ನಿಮ್ಮ ಕಡೆ ಜೋರು ಮಳೆಯಾ ಎಂದು ಕಂಪನಿಯವರು ಕೇಳಿದ್ದರು. ಎರಡನೆಯ ಸುತ್ತಿನಲ್ಲಿ, ನಿಮ್ಮ ಮನೆಯಲ್ಲಿ ಯಾರಿಗೂ ಬೇಡವಾದ ಒಂದು ವಸ್ತುವಿಗೆ ಜಾಹೀರಾತು ಬರೆಯಿರಿ ಎಂದಿದ್ದರು. ಇಬ್ಬರೂ ಬರೆದದ್ದು ಅತ್ತೆಯ ಹಳೆ ಇಸ್ತ್ರಿಪೆಟ್ಟಿಗೆಯ ಬಗ್ಗೆಯೇ.

"ಯಾರಿಗೂ ಬೇಡದ್ದಾ? ನನ್ನ ಇಸ್ತ್ರಿಪೆಟ್ಟಿಗೆಯಾ?" ಎಂದಳು ಯಜಮಾನಿ.

"ಎಷ್ಟು ಚೆನ್ನಾಗಿ ಬರೆದಿದ್ದೀನಿ ಗೊತ್ತಾಮ್ಮ. ಓದಿದ್ರೆ ನೀನೇ ಇನ್ನೊಂದು ಸಲ ಕೊಂಡ್ಕೋತೀಯ."

"ನೀನು ಹೋಗೋದು ಸರಿ," ಎಂದು ಮಗಳಿಗೆ ಹೇಳಿ ಯಜಮಾನಿ ಸೊಸೆಯ ಕಡೆ ತಿರುಗಿದಳು. "ನಿನ್ನ ವಿಷಯ ಹಿಂದೇನೇ ಮಾತಾಡಿ ಮುಗಿಸಿದ್ದೀವಲ್ಲ. ಪುಟ್ಟಿ ಸ್ವಲ್ಪ ದೊಡ್ಡವಳಾಗ್ಲಿ ಅಂತ."

"ಪುಟ್ಟಿ ಶಾಲೆಗೆ ಹೋಗ್ತಿದ್ದಾಳೆ ಅತ್ತೆ. ಇನ್ನೆಷ್ಟು ದೊಡ್ಡವಳಾಗ್ಬೇಕು?"

ಸೊಸೆ ಮದುವೆಗೆ ಮುಂಚೆ ಒಂದು ದೊಡ್ಡ ಅಂಗಡಿಯಲ್ಲಿ ಮೈಕು ಹಿಡಿದು ರಿಯಾಯಿತಿ ಸಾರುವ ಕೆಲಸದಲ್ಲಿದ್ದವಳು. ಅವಳ ದನಿ ಕೇಳಿ ಜನ ಎರಡನೇ ಮಹಡಿಯಿಂದ ಇಳಿದು ಬರುತ್ತಿದ್ದರಂತೆ. ಈಗ ಆ ದನಿ ಊಟಕ್ಕೆ ಕರೆಯಲು ಮಾತ್ರ ಏಳುತ್ತಿತ್ತು. ಮತ್ತೆ ಕೆಲಸಕ್ಕೆ ಹೋಗುವ ಮಾತನ್ನು ಅವಳು ಎತ್ತಿದಾಗಲೆಲ್ಲ ಅತ್ತೆ ಬೇಡ ಎಂದಿದ್ದಳು, ಮಗ ನೋಡೋಣ ಎಂದಿದ್ದ, ಮಾತು ಅಲ್ಲೇ ಕೂತಿತ್ತು. ಈ ಸಲ ಯಾರನ್ನೂ ಕೇಳದೆ ಅರ್ಜಿ ಹಾಕಿದ್ದಳು. ಈ ಕೆಲಸ ತನಗೆ ಸಿಗಲೇಬೇಕು ಎಂದು ಅವಳಿಗೆ ಎಷ್ಟು ಆಸೆಯಿತ್ತೆಂದರೆ, ಅರ್ಜಿ ಹಾಕಿದ ದಿನದಿಂದ ಫೋನನ್ನು ಅಡುಗೆಮನೆಯಲ್ಲೂ ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದಳು.

"ಸರಿ, ಮೆಸೇಜಲ್ಲಿ ಏನಿದೆ, ಜೋರಾಗಿ ಓದಿ," ಎಂದ ಮಗ.

ಪಟಾಕಿ ಓದಿದಳು. "ಅಂತಿಮ ಸುತ್ತಿಗೆ, ನಿಮ್ಮ ಮಾತಿಗೆ ಸುಲಭಕ್ಕೆ ಒಪ್ಪದ ಒಬ್ಬರನ್ನು ಜೊತೆಗೆ ಕರೆತನ್ನಿ. ಅವರು ಇದುವರೆಗೆ ಬೇಡವೆಂದಿರುವ ಒಂದು ವಿಷಯಕ್ಕೆ ನಮ್ಮೆದುರಿನಲ್ಲೇ ಅವರನ್ನು ಒಪ್ಪಿಸಬೇಕು. ವಿಷಯ ಯಾವುದೆಂದು ಮೊದಲೇ ಅವರಿಗೆ ತಿಳಿಸುವಂತಿಲ್ಲ."

ಪುಟ್ಟಿಯೊಬ್ಬಳನ್ನು ಬಿಟ್ಟು ಎಲ್ಲರ ತಲೆಯೂ ಒಂದೇ ಕಡೆ ತಿರುಗಿತು.

"ಏನು? ನನ್ನನ್ನ ಯಾಕೆ ನೋಡ್ತೀರಿ?" ಎಂದಳು ಯಜಮಾನಿ.

*

ಅವಳು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದಳು. ಮನೆಯಲ್ಲಿ ಇಷ್ಟು ಜನರಿರುವಾಗ ಹಟಮಾರಿ ಎಂದರೆ ತಾನೊಬ್ಬಳೇ ನೆನಪಾದದ್ದು ಅವಳಿಗೆ ಚುಚ್ಚಿತ್ತು. ಮಗಳಿಗೂ ಅವಳೇ ಬೇಕು, ಸೊಸೆಗೂ ಅವಳೇ ಬೇಕು.

"ಅತ್ತಿಗೆ, ನೀವು ಅಣ್ಣನ್ನ ಕರ್ಕೊಂಡು ಹೋಗಿ."

"ನಿಮ್ಮಣ್ಣ ಯಾವುದಕ್ಕೆ ಒಪ್ಪಲ್ಲ ಹೇಳು. ಮೂರನೇ ಮಾತಿಗೆ ಹೂಂ ಅಂತಾರೆ. ನೀನು ಮಾವನ್ನ ಕರ್ಕೊಂಡು ಹೋಗು."

"ಅಪ್ಪ ಬೇಡ ಅಂತಾರೋ ಬೇಕು ಅಂತಾರೋ, ಬಾಯಿ ತೆಗೆದರೆ ತಾನೇ ಗೊತ್ತಾಗೋದು."

ಮಾವ ಅಂಗಡಿಗೆ ಹೊರಟು ನಿಂತಿದ್ದರು. ಊಟದ ಡಬ್ಬಿ ಕೈಗೆ ತೆಗೆದುಕೊಂಡು, ಚಪ್ಪಲಿ ಮೆಟ್ಟಿ, ತುಟಿ ಪಿಟಕ್ಕೆನ್ನದೆ ಹೋದರು.

ಮೂರನೆಯ ದಿನ ಯಜಮಾನಿ ತಾನಾಗಿಯೇ ಕೇಳಿದಳು, "ಅಲ್ಲಿ ಎಸಿ ಇರುತ್ತಾ? ಶಾಲು ಬೇಕಾಗುತ್ತಾ?" ಇಬ್ಬರ ಜೊತೆಗೂ ಹೋಗುವುದೆಂದು ತೀರ್ಮಾನವಾಯಿತು. ಒಂದೇ ದಿನ, ಒಬ್ಬರಾದ ಮೇಲೆ ಒಬ್ಬರು.

ಅಲ್ಲಿಂದ ಮುಂದೆ ಮನೆಯ ಗಾಳಿಯೇ ಬದಲಾಯಿತು. ಪಟಾಕಿ ಕನ್ನಡಿಯ ಮುಂದೆ ಕೈಯಾಡಿಸಿಕೊಂಡು ಮಾತಾಡುತ್ತಿದ್ದಳು. ಅಮ್ಮ ಬಂದರೆ ತಲೆ ಬಾಚುವವಳಂತೆ ನಟಿಸುತ್ತಿದ್ದಳು. ಸೊಸೆ ತರಕಾರಿ ಹೆಚ್ಚುತ್ತ ತುಟಿ ಅಲ್ಲಾಡಿಸುತ್ತಿದ್ದಳು. ಇಬ್ಬರೂ ಬೀದಿಯ ಟೈಲರ್ ಹತ್ತಿರ ಬೇರೆ ಬೇರೆ ಹೊತ್ತಿಗೆ ಹೋಗಿ ಬಟ್ಟೆ ಸರಿಮಾಡಿಸಿಕೊಂಡು ಬಂದರು. ಯಜಮಾನಿಗೋ, ತನ್ನನ್ನು ಯಾವುದಕ್ಕೆ ಒಪ್ಪಿಸಲು ಹೊರಟಿದ್ದಾರೆ ಎನ್ನುವ ಕುತೂಹಲ ತಲೆ ತಿನ್ನುತ್ತಿತ್ತು.

ಮಧ್ಯಾಹ್ನದ ಊಟಕ್ಕೆ ಅತ್ತೆ ಸೊಸೆ ಇಬ್ಬರೇ. ಪಟಾಕಿ ಆ ಹೊತ್ತಿಗೆ ಗೆಳತಿಯರ ಮನೆಯಲ್ಲಿ, ಇಲ್ಲವೇ ಹಾಸಿಗೆಯಲ್ಲಿ. ಅಡುಗೆಮನೆಯ ಕಿಟಕಿ ಪಕ್ಕದ ಚಿಕ್ಕ ಮೇಜಿನ ಎರಡು ಬದಿಯಲ್ಲಿ ಕೂತು, ಎದುರು ಮನೆಯವರು ಏನು ಒಣಹಾಕಿದ್ದಾರೆ, ಯಾರ ಮನೆ ಗೇಟು ಹೊಸದು ಎಂದು ಮಾತಾಡುತ್ತ, ಉಪ್ಪು ಖಾರಕ್ಕೆ ಜಗಳಾಡುತ್ತ ಉಣ್ಣುವುದು ಅವರ ವಾಡಿಕೆ.

"ಹಲ್ಲು ಕೀಳಿಸ್ಕೊ ಅಂತ ಹೇಳ್ತೀಯಾ?" ಎಂದು ಅತ್ತೆ ಕೆದಕಿದಳು.

"ಹೇಳೋ ಹಾಗಿಲ್ಲ ಅತ್ತೆ."

"ನನ್ನ ಮಂಚ ಹಿಂದಿನ ಕೋಣೆಗೆ ಹಾಕೋದಾ?"

"ಊಟ ಮಾಡಿ."

"ನನ್ನ ಮಗಳಾಗಿದ್ರೆ ಇಷ್ಟು ಹೊತ್ತಿಗೆ ಹೇಳಿಬಿಡ್ತಿದ್ದಳು."

"ಅವಳೂ ಹೇಳಿಲ್ಲವಲ್ಲ," ಎಂದು ಸೊಸೆ ನಕ್ಕಳು. ಅತ್ತೆಗೂ ನಗು ಬಂತು, ಆದರೆ ತೋರಿಸಿಕೊಳ್ಳಲಿಲ್ಲ.

*

ಆ ಗಾಜಿನ ಕಟ್ಟಡದ ಕಾಯುವ ಕೋಣೆಯಂಥ ಕೋಣೆಯನ್ನು ನೀವು ಎಲ್ಲೂ ಕಂಡಿರಲಾರಿರಿ. ಸುಲಭಕ್ಕೆ ಒಪ್ಪದವರನ್ನು ಆರಿಸಿ ಆರಿಸಿ ಒಂದೇ ಕಡೆ ತಂದು ತುಂಬಿದ್ದರು. ಒಬ್ಬ ಹುಡುಗ ತನ್ನ ಮನೆ ಮಾಲೀಕನನ್ನು ಕರೆತಂದಿದ್ದ. ಒಬ್ಬಳು ತನಗೆ ಗಣಿತ ಕಲಿಸಿದ ನಿವೃತ್ತ ಮೇಷ್ಟ್ರನ್ನು ತಂದಿದ್ದಳು. ಇನ್ನೊಬ್ಬ, ಮಾತು ಬಿಟ್ಟು ವರ್ಷಗಳಾಗಿದ್ದ ತಮ್ಮನನ್ನು ಹೇಗೋ ಪುಸಲಾಯಿಸಿ ಕರೆತಂದಿದ್ದ. ಇಬ್ಬರೂ ಕೋಣೆಯ ಎರಡು ಮೂಲೆಯಲ್ಲಿ ಕೂತಿದ್ದರು. ಆಫೀಸಿನ ಹುಡುಗಿ ಕಾಫಿ ತಂದರೆ ಯಾರೂ ಮುಟ್ಟಲಿಲ್ಲ. ಮನೆ ಮಾಲೀಕ ಫ್ಯಾನು ಜೋರು ಮಾಡಿ ಎಂದ, ಮೇಷ್ಟ್ರು ನಿಲ್ಲಿಸಿ ಎಂದರು. ಯಜಮಾನಿ ಕುರ್ಚಿ ಮೆತ್ತಗಿದೆ ಎಂದು ತಗಾದೆ ತೆಗೆದಳು. ಹಾಸಿಗೆ ಅಂಗಡಿಯವನ ಹೆಂಡತಿಗೆ ಸ್ಪಂಜಿನ ಕುರ್ಚಿ ಎಂದರೆ ಆಗದು. ಹತ್ತು ನಿಮಿಷದಲ್ಲಿ ಅವರವರಲ್ಲೇ ಸ್ನೇಹವಾಯಿತು.

"ನನಗೆ ಏನು ಹೇಳಿದ್ರೂ ನಾನು ಒಪ್ಪಲ್ಲ," ಎಂದ ಮಾಲೀಕ.

"ಒಪ್ಪಬಾರದು," ಎಂದರು ಮೇಷ್ಟ್ರು.

ಅಭ್ಯರ್ಥಿಗಳೆಲ್ಲ ಉಗುರು ಕಚ್ಚುತ್ತಿದ್ದರು. ಒಳಗೆ ಹೋದವರಲ್ಲಿ ಒಬ್ಬ ಕುಣಿದುಕೊಂಡು ಬಂದ, ಒಬ್ಬಳು ಕಣ್ಣೊರೆಸಿಕೊಂಡು ಬಂದಳು. ಪ್ರತಿ ಸಲ ಬಾಗಿಲು ತೆರೆದಾಗಲೂ ಸೊಸೆ ಅರ್ಧ ಎದ್ದು ಮತ್ತೆ ಕೂರುತ್ತಿದ್ದಳು. ಪಟಾಕಿಯ ಹೆಸರು ಮೊದಲು ಬಂತು.

ಒಳಗೆ ಉದ್ದ ಮೇಜಿನ ಹಿಂದೆ ಇಬ್ಬರಿದ್ದರು, ಒಬ್ಬರು ಬೋಳುತಲೆಯವರು, ಇನ್ನೊಬ್ಬರು ಕನ್ನಡಕದ ಮೇಡಂ. ಪಟಾಕಿ ಚಿತ್ರಗಳನ್ನು ಹರಡಿದಳು. ಕೊಳೆಯಾದ ಒಂದು ಬಟ್ಟೆಯನ್ನೂ ತಂದಿದ್ದಳು. ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು.

"ಅಮ್ಮ, ಮನೆಗೊಂದು ವಾಷಿಂಗ್ ಮಷೀನು—"

"ತಗೊಳ್ಳೋಣ," ಎಂದಳು ಅಮ್ಮ.

ಬೋಳುತಲೆಯವರು ಪೆನ್ನು ಕೆಳಗಿಟ್ಟರು.

"ಅಮ್ಮ, ನಾನಿನ್ನೂ ಶುರುನೇ ಮಾಡಿಲ್ಲ."

"ಎಷ್ಟು ಚೆನ್ನಾಗಿ ಹೇಳಿದೆ ನೋಡು. ಒಪ್ಪಿದ್ದೀನಿ ಸಾರ್. ನನ್ನ ಮಗಳು ಹೇಳಿದ್ರೆ ಕಲ್ಲೂ ಒಪ್ಪುತ್ತೆ."

"ಮುಂಚೆ ನೀವು ಇದನ್ನ ಬೇಡ ಅಂದಿದ್ರಾ?" ಎಂದು ಮೇಡಂ ಕೇಳಿದರು.

"ಬೇಡ ಅನ್ನೋದಾ? ಮಷೀನು ಬಟ್ಟೆ ಕೊಳೆ ತೆಗೆಯಲ್ಲ, ಬಟ್ಟೆ ಆಯಸ್ಸು ತೆಗೆಯುತ್ತೆ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದವಳು ನಾನು."

"ಮತ್ತೆ ಈಗ?"

"ಇವಳು ಕೇಳಿದಳಲ್ಲ."

ಪಟಾಕಿ ಚಿತ್ರಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಹೊರಗೆ ಪಡಸಾಲೆಗೆ ಬಂದೊಡನೆ ಅಮ್ಮನ ಕಡೆ ತಿರುಗಿದಳು.

"ಯಾಕಮ್ಮ ಹೀಗೆ ಮಾಡಿದೆ?"

"ಏನು ಮಾಡಿದೆ? ನಿನ್ನನ್ನ ಗೆಲ್ಲಿಸಿದೆ."

"ನೀನು ಜಗಳ ಆಡ್ಬೇಕಿತ್ತು. ಜಗಳ ಆಡಿ ಸೋಲ್ಬೇಕಿತ್ತು. ಮನೇಲಿ ಒಂದು ಪೊರಕೆ ಕೊಳ್ಳೋಕೂ ಒಂದು ವಾರ ಜಗ್ಗಾಡ್ತೀಯ, ಇಲ್ಲಿ ಬಂದು ಬೆಣ್ಣೆ ಹಾಗೆ ಕರಗಿಬಿಟ್ಟೆ."

ಯಜಮಾನಿಯ ಮುಖ ಸಣ್ಣದಾಯಿತು. ಮಗಳಿಗೆ ಒಳ್ಳೆಯದು ಮಾಡಲು ಹೋಗಿ ಅವಳ ಅನ್ನಕ್ಕೆ ಕಲ್ಲು ಹಾಕಿದೆನಲ್ಲ ಎಂದು ಆಗ ಹೊಳೆಯಿತು. ಪಟಾಕಿ ಕಣ್ಣೊರೆಸಿಕೊಂಡು ಹೇಳಿದಳು, "ಅತ್ತಿಗೆ ಹತ್ರ ಹೀಗೆ ಮಾಡ್ಬೇಡ. ಅವರ ಹತ್ರ ನಿಜವಾಗಿ ಜಗಳ ಆಡು." ಇದನ್ನು ಒಳ್ಳೆಯ ಮನಸ್ಸಿನಿಂದ ಹೇಳಿದಳೋ ಹೊಟ್ಟೆಕಿಚ್ಚಿನಿಂದ ಹೇಳಿದಳೋ ಅವಳಿಗೇ ಗೊತ್ತಿರಲಿಲ್ಲ.

*

ಸೊಸೆ ಚಿತ್ರ ತಂದಿರಲಿಲ್ಲ. ಅತ್ತೆಯ ಎದುರು ಕುರ್ಚಿ ಎಳೆದುಕೊಂಡು ಕೂತಳು. ಅಡುಗೆಮನೆಯ ಮೇಜಿನ ಎದುರುಬದುರು ಕೂತಂತೆಯೇ ಇತ್ತು.

"ಅತ್ತೆ, ನಾನು ಕೆಲಸಕ್ಕೆ ಹೋಗೋದಕ್ಕೆ ನೀವು ಒಪ್ಪಬೇಕು. ಈ ಕೆಲಸಕ್ಕೇ."

ಅತ್ತೆ ಬೆಚ್ಚಿದಳು. "ಇದನ್ನ ಇಲ್ಲಿ ಕೇಳ್ತೀಯಾ? ಇವರ ಎದುರಿಗಾ?"

"ಮನೇಲಿ ಕೇಳಿದ್ರೆ ನೀವು ಒಲೆ ಕಡೆ ತಿರುಗಿಬಿಡ್ತೀರ. ಇಲ್ಲಿ ಒಲೆ ಇಲ್ಲ."

ಮೇಡಂ ತುಟಿ ಕಚ್ಚಿ ನಗು ತಡೆದರು.

"ಪುಟ್ಟಿಯನ್ನ ಶಾಲೆಯಿಂದ ಯಾರು ಕರ್ಕೊಂಡು ಬರ್ತಾರೆ?"

"ಸಂಜೆ ಪಾಳಿ ಬೇಡ ಅಂತ ಇವರಿಗೆ ಹಿಂದಿನ ಸುತ್ತಲ್ಲೇ ಹೇಳಿದ್ದೀನಿ. ಶಾಲೆ ವ್ಯಾನಿನವನ ಹತ್ರ ಮಾತಾಡಿದ್ದೀನಿ. ಮನೆ ಬಾಗಿಲಿಗೇ ಬಿಡ್ತಾನೆ. ನೀವು ಬಾಗಿಲು ತೆಗೆದ್ರೆ ಸಾಕು."

"ಅಡುಗೆ?"

"ಬೆಳಿಗ್ಗೆದು ನಾನು ಮಾಡಿಟ್ಟು ಹೋಗ್ತೀನಿ. ಸಂಜೆದು ನಿಮ್ಮ ಮಗ."

"ಅವನಿಗೆ ಅಡುಗೆ ಬರುತ್ತಾ?"

"ಲಿಫ್ಟು ಬಿಚ್ಚಿ ಜೋಡಿಸೋನಿಗೆ ಒಂದು ಮೊಟ್ಟೆ ಒಡೆಯೋಕೆ ಬರಲ್ವಾ?"

"ಅವನನ್ನ ಕೇಳಿದ್ದೀಯಾ?"

"ನಿನ್ನೆ ಮೂರನೇ ಮಾತಿಗೆ ಒಪ್ಪಿದ್ರು."

ಅತ್ತೆ ಬಿಡಲಿಲ್ಲ. ಮೈ ಹುಷಾರು ತಪ್ಪಿದರೆ? ಬಂದವರು ಹೋದವರು? ಬೀದಿಯವರು ಏನಂತಾರೆ? ಬಸ್ಸಿನಲ್ಲಿ ನೂಕುನುಗ್ಗಲು? ಒಂದೊಂದಕ್ಕೂ ಸೊಸೆ ಉತ್ತರ ಕೊಟ್ಟಳು. ಅವಳ ಹಳೆಯ ದನಿ ವಾಪಸು ಬಂದಿತ್ತು. ಗಾಜಿನ ಆಚೆ ಕೂತಿದ್ದವರೂ ತಲೆಯೆತ್ತಿ ನೋಡಿದರು. ಅತ್ತೆಗೂ ರಂಗೇರಿತು. ಇಂಥ ಜಗಳ ಅವರ ಅಡುಗೆಮನೆಯಲ್ಲೂ ಆಗಿರಲಿಲ್ಲ. ಬೋಳುತಲೆಯವರು ಗಡಿಯಾರ ನೋಡಿದರು. ಹೇಳುವುದೆಲ್ಲ ಮುಗಿದ ಮೇಲೆ ಅತ್ತೆ ಶಾಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು.

"ಮಧ್ಯಾಹ್ನ ನಾನೊಬ್ಬಳೇ ಊಟ ಮಾಡ್ಬೇಕಾ?"

ಸೊಸೆ ಬಾಯಿ ತೆಗೆದಳು. ಫೋನ್ ಮಾಡ್ತೀನಿ ಎನ್ನಬಹುದಿತ್ತು, ಪಕ್ಕದ ಮನೆಯವರನ್ನು ಕರೀರಿ ಎನ್ನಬಹುದಿತ್ತು. ಅಂಥ ಮಾತುಗಳು ಎಷ್ಟೋ ಇದ್ದವು. ಅವಳ ಕಣ್ಣು ತುಂಬಿ ಬಂತು.

"ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ ಅತ್ತೆ," ಎಂದಳು.

"ಹಾಗಾದ್ರೆ ನಾನೂ ಒಪ್ಪಿಲ್ಲ," ಎಂದಳು ಅತ್ತೆ. ಕೊಟ್ಟಿದ್ದ ಹೊತ್ತು ಮುಗಿದಿತ್ತು.

ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತು ಮನೆಗೆ ಬಂದರು. ನಡುವೆ ಕೂತ ಯಜಮಾನಿಗೆ ಎಡಕ್ಕೂ ತಿರುಗಲು ಧೈರ್ಯವಿರಲಿಲ್ಲ, ಬಲಕ್ಕೂ ಇರಲಿಲ್ಲ. ಒಬ್ಬಳ ಕೆಲಸ ಒಪ್ಪಿ ಕೆಡಿಸಿದ್ದಳು, ಇನ್ನೊಬ್ಬಳದು ಒಪ್ಪದೆ.

*

ಕಂಪನಿಯಿಂದ ವಾರಗಟ್ಟಲೆ ಸುದ್ದಿಯಿರಲಿಲ್ಲ. ಫೋನು ಸದ್ದು ಮಾಡಿದರೆ ನಾದಿನಿ ಅತ್ತಿಗೆ ಇಬ್ಬರೂ ಹಾರಿ ಬೀಳುತ್ತಿದ್ದರು. ಗ್ಯಾಸಿನವನದೋ ಶಾಲೆಯದೋ ಆಗಿರುತ್ತಿತ್ತು. ಪಟಾಕಿ ಅಮ್ಮನ ಜೊತೆ ಠುಸ್ ಅನ್ನಲಿಲ್ಲ. ಅತ್ತಿಗೆಯ ಜೊತೆ ಮಾತ್ರ ಮಾತಿತ್ತು, ಅದೂ ಬಂತಾ, ಬಂದಿಲ್ಲ, ನಿಂಗೆ, ನಂಗೂ ಇಲ್ಲ, ಇಷ್ಟೇ.

ಹೀಗಿರುವಾಗ ಒಂದು ಬೆಳಿಗ್ಗೆ ಇಬ್ಬರು ಕೂಲಿಗಳು ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಬಾಗಿಲಿಗೆ ಬಂದರು.

"ಏನಮ್ಮ ಇದು?" ಎಂದು ಪಟಾಕಿ ಮಾತು ಬಿಟ್ಟದ್ದನ್ನು ಮರೆತು ಕೇಳಿದಳು.

"ವಾಷಿಂಗ್ ಮಷೀನು. ನಾಲ್ಕು ಜನರ ಎದುರು ಹೂಂ ಅಂದಿದ್ದೀನಿ. ನಿನಗೋಸ್ಕರ ಅಂದೆನೋ ಸುಳ್ಳಿಗೆ ಅಂದೆನೋ, ಅಂದಿದ್ದೀನಲ್ಲ."

"ಬಟ್ಟೆ ಆಯಸ್ಸು?"

"ಹೋದ್ರೆ ಹೋಗ್ಲಿ. ನೀನು ಮಾರಿದ್ದು ಇದು. ಯಾವ ಕಂಪನಿಯವನು ಬಂದು ಇಲ್ಲ ಅಂತಾನೆ ನೋಡೋಣ."

ಪಟಾಕಿ ಅಮ್ಮನ ಕತ್ತಿಗೆ ಜೋತುಬಿದ್ದಳು. ಕೂಲಿಗಳು ಪೆಟ್ಟಿಗೆ ಎಲ್ಲಿಡುವುದೆಂದು ಕೇಳಿ ಕೇಳಿ ಸಾಕಾಗಿ ಹೊಸಿಲ ಮೇಲೆಯೇ ಇಟ್ಟರು. ಎರಡು ದಿನ ಮನೆಮಂದಿ ಅದರ ಪಕ್ಕ ನುಸುಳಿಕೊಂಡು ಓಡಾಡಿದರು.

ಆ ವಾರದಲ್ಲೇ ಫೋನು ಬಂತು, ಸೊಸೆಗೆ. ಕನ್ನಡಕದ ಮೇಡಮ್ಮೇ ಮಾತಾಡಿದರು. ಮಿಕ್ಕವರಲ್ಲಿ ಹೆಚ್ಚಿನವರು ಕೊನೆಗೆ ಬಾಯಿಗೆ ಬಂದ ಭರವಸೆ ಕೊಟ್ಟು ಒಪ್ಪಿಸಲು ನೋಡಿದರಂತೆ; ಉತ್ತರವಿಲ್ಲದ ಕಡೆ ಇಲ್ಲ ಎಂದವಳು ಇವಳೊಬ್ಬಳೇ ಅಂತೆ. ಸೋಮವಾರದಿಂದ ಬನ್ನಿ ಎಂದರು. ಪಟಾಕಿಗೂ ಒಂದು ಮೆಸೇಜು ಬಂತು. ಮುಂದಿನ ಸಲ ಜಾಗ ಖಾಲಿಯಾದಾಗ ನೇರವಾಗಿ ಕೊನೆ ಸುತ್ತಿಗೇ ಬನ್ನಿ, ಆದರೆ ಬೇರೆ ಯಾರನ್ನಾದರೂ ಕರೆತನ್ನಿ ಎಂದಿದ್ದರು.

ಸೊಸೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪುಟ್ಟಿಯನ್ನು ಎತ್ತಿಕೊಂಡು ಮನೆಯೆಲ್ಲ ಸುತ್ತಿದಳು. ಪಟಾಕಿ ತನಗೆ ಬಂದ ಮೆಸೇಜನ್ನು ಇನ್ನೊಮ್ಮೆ ಓದಿದಳು, ಆಮೇಲೆ ಬಂದು ಅತ್ತಿಗೆಯ ಕೆನ್ನೆ ಹಿಂಡಿದಳು, ಸ್ವಲ್ಪ ಜೋರಾಗಿಯೇ.

ಭಾನುವಾರ ಮತ್ತೆ ಎಲ್ಲರೂ ಊಟಕ್ಕೆ ಕೂತರು. ಸೊಸೆ ಬಡಿಸುತ್ತ ನೇರವಾಗಿ ಹೇಳಿದಳು.

"ಅತ್ತೆ, ನಾನು ಬರ್ತೀನಿ ಅಂತ ಹೇಳಿಬಿಟ್ಟಿದ್ದೀನಿ. ನೀವು ಒಪ್ಪಿದ್ರೆ ನಗ್ತಾ ಹೋಗ್ತೀನಿ, ಒಪ್ಪದಿದ್ರೆ ಅಳ್ತಾ ಹೋಗ್ತೀನಿ. ಹೋಗೋದಂತೂ ಹೋಗ್ತೀನಿ."

"ನಾನು ಕೇಳಿದ್ದಕ್ಕೆ ಉತ್ತರ ಸಿಕ್ತಾ?"

"ಇಲ್ಲ ಅತ್ತೆ. ದಿನಾ ಯೋಚನೆ ಮಾಡ್ತೀನಿ. ಸಿಕ್ಕಿಲ್ಲ."

ಪಟಾಕಿ ತಾನು ಬೇಗ ಏಳುತ್ತೇನೆ ಎಂದಳು, ಯಾರೂ ನಂಬಲಿಲ್ಲ. ಮಗ ನೋಡೋಣ ಎಂದ. ಆಗ ಮೇಜಿನ ಆ ತುದಿಯಿಂದ ಒಂದು ದನಿ ಬಂತು.

"ನಾನು ಅಂಗಡಿ ತೆರೆದಾಗಿನಿಂದ ಒಬ್ಬನೇ ಊಟ ಮಾಡ್ತಿದ್ದೀನಿ," ಎಂದರು ಮಾವ. "ಯಾರೂ ಕೇಳಲಿಲ್ಲ."

ಅನ್ನದ ಚಮಚ ಸೊಸೆಯ ಕೈಯಲ್ಲೇ ಉಳಿಯಿತು. ಪ್ರತಿ ಬೆಳಿಗ್ಗೆ ಅವರ ಊಟದ ಡಬ್ಬಿಯನ್ನು ಅವಳೇ ತುಂಬಿ ಕೊಡುತ್ತಿದ್ದಳು, ಪ್ರತಿ ಸಂಜೆ ಅತ್ತೆ ಅದರ ಮುಚ್ಚಳ ತೆರೆದು ಖಾಲಿಯಾಗಿದೆಯೇ ಎಂದು ನೋಡುತ್ತಿದ್ದಳು. ಅದನ್ನು ಎಲ್ಲಿ ಕೂತು, ಯಾರ ಜೊತೆ ಉಣ್ಣುತ್ತಾರೆ ಎಂದು ಆ ಮನೆಯಲ್ಲಿ ಯಾರ ತಲೆಗೂ ಹೋಗಿರಲಿಲ್ಲ. ಯಜಮಾನಿ ತಟ್ಟೆ ಬದಿಗೆ ಸರಿಸಿ ಗಂಡನ ಕಡೆ ತಿರುಗಿದಳು.

"ಇಷ್ಟು ವರ್ಷ ಬಾಯಲ್ಲಿ ಏನು ಇಟ್ಕೊಂಡಿದ್ರಿ?" ಎಂದಳು.

*

ಸೋಮವಾರ ಸೊಸೆ ಸರಿಮಾಡಿಸಿದ ಬಟ್ಟೆ ತೊಟ್ಟು, ಬಸ್ಸು ಹಿಡಿಯಲು ನಗುತ್ತಲೇ ಓಡಿದಳು. ಮಧ್ಯಾಹ್ನ, ಪಟಾಕಿ ಗೆಳತಿಯ ಮನೆಗೆ ಹೋದ ಮೇಲೆ, ಯಜಮಾನಿ ಮನೆಗೆ ಬೀಗ ಹಾಕಿ, ಎರಡು ಡಬ್ಬಿ ಹಿಡಿದು, ಮದುವೆಮನೆಗೆ ಮಾತ್ರ ಹಾಕುವ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದಳು. ಗಂಡ ಹತ್ತಿಯ ಮೂಟೆಗಳ ನಡುವೆ ದಾರ ಪೋಣಿಸುತ್ತಿದ್ದವರು ಅವಳನ್ನು ಕಂಡು ಎದ್ದು ನಿಂತರು, ಯಾರೋ ದೊಡ್ಡ ಗಿರಾಕಿ ಬಂದ ಹಾಗೆ. ಮೈಮೇಲಿನ ಹತ್ತಿ ಕೊಡವಿಕೊಂಡು ಹೊಸ ಹಾಸಿಗೆಯೊಂದನ್ನು ಹಾಸಿ, ಅದರ ಮೇಲೆ ಹಳೆ ಪತ್ರಿಕೆ ಹರಡಿದರು.

ಇಬ್ಬರೂ ಕೂತರು. ಮೊದಲ ತುತ್ತು ಬಾಯಿಗಿಡುವ ಮೊದಲು ಅವರು ಕೈ ಹಿಂದಕ್ಕೆ ಚಾಚಿ, ಹೊಲಿಗೆ ಸೂಜಿಗಳ ಪಕ್ಕದಿಂದ ಒಂದು ಸಣ್ಣ ಬಾಟಲಿ ತೆಗೆದರು. ಅದರಲ್ಲಿ ಉಪ್ಪಿತ್ತು. ಮುಚ್ಚಳ ತುಕ್ಕು ಹಿಡಿದಿತ್ತು.

"ಉಪ್ಪು ಕಡಿಮೆ ಇರುತ್ತೆ ಅಂತ ಹೇಳ್ಬಾರದಾ ನೀವು?"

"ಹೇಳ್ತಾನೇ ಇದ್ದೆ," ಎಂದರು. "ಯಾರೂ ಕೊಡ್ತಿರಲಿಲ್ಲ."

ಅವಳು ಬಾಟಲಿಯನ್ನು ಅವರ ಕೈಯಿಂದ ತೆಗೆದುಕೊಂಡು, ಅವರ ಅನ್ನಕ್ಕೆ ತಾನೇ ಒಂದು ಚಿಟಿಕೆ ಹಾಕಿದಳು. ಕಲಸಿ ರುಚಿ ನೋಡಿ ಇನ್ನೊಂದು ಚಿಟಿಕೆ ಹಾಕಿದಳು. ಅಷ್ಟರಲ್ಲಿ ಫೋನು ಸದ್ದು ಮಾಡಿತು. ಗಾಜಿನ ಕಟ್ಟಡದಿಂದ ಸೊಸೆ.

"ಅತ್ತೆ, ಊಟ ಆಯ್ತಾ?"

"ಇರು ಕಣೇ, ಆಮೇಲೆ ಮಾತಾಡ್ತೀನಿ," ಎಂದಳು ಯಜಮಾನಿ. "ನಾವು ಊಟ ಮಾಡ್ತಾ ಇದ್ದೀವಿ."